ಸೈನ್ಸ್ ಮೇಷ್ಟ್ರ ಮೂಗುಬೊಟ್ಟು

"ನನ್ನ ಮೂಗು ನೆಟ್ಟಗಿರುವ ತನಕ ನನ್ನ ಮಗಳ ಮೂಗಿಗೆ ತೂತು ಬೀಳುವುದಿಲ್ಲ!"

ಹೀಗೆಂದು ನಾನು ಘೋಷಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ಮುಳಬಾಗಿಲಿನ ನಮ್ಮ ಮನೆಯ ಹಜಾರದಲ್ಲಿ, ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದು. ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ ಗಂಟಲು! ಎದುರು ಮನೆಯವರು ಏನಾಯಿತೋ ಎಂದು ಬಾಗಿಲಿಗೆ ಬಂದು ನೋಡಿ ಹೋದರು.

ಮಗಳು ರಂಜಿತ ಕೋಲಾರದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಾಳೆ. ಮೂಗು ಚುಚ್ಚಿಸಿಕೊಳ್ಳಬೇಕು ಎಂಬುದು ಎರಡು ವರ್ಷದಿಂದ ಅವಳ ಒಂದೇ ಬೇಡಿಕೆ. ಎರಡು ವರ್ಷದಿಂದ ನನ್ನದೂ ಒಂದೇ ಉತ್ತರ.

"ನನ್ನ ಮೂಗಲ್ಲಿ ಇಪ್ಪತ್ನಾಲ್ಕು ವರ್ಷದಿಂದ ಇರೋದೇನ್ರೀ?" ಅಡುಗೆಮನೆಯಿಂದ ಹೆಂಡತಿ ಶ್ಯಾಮಲ ಬಾಣ ಬಿಟ್ಟಳು.

"ಅದು ಸಂಪ್ರದಾಯ!"

"ಇವಳದ್ದು?"

"ಫ್ಯಾಷನ್ನು!"

"ತೂತು ಒಂದೇ ಅಲ್ವಾ?"

ಈ ಪ್ರಶ್ನೆಗೆ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಉತ್ತರವಿಲ್ಲ. ಆದ್ದರಿಂದ ನಾನು ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಎಂದು ತೀರ್ಪು ಕೊಟ್ಟೆ.

ರಂಜಿತ ಮಾತ್ರ ಜಗಳಕ್ಕೆ ಬರಲಿಲ್ಲ. "ಅಪ್ಪಾ, ಕೋಲಾರದಲ್ಲಿ ಅದು ಐದು ನಿಮಿಷದ ಕೆಲಸ. ನಿನಗೆ ಹೇಳ್ದೆ ಚುಚ್ಚಿಸ್ಕೊಂಡು ಬರಬಹುದಿತ್ತು. ನೀನು ಹೂಂ ಅಂದ್ಮೇಲೇ ಅಂತ ಕಾಯ್ತಿದ್ದೀನಿ" ಎಂದಳು. ಅವಳು ಕೂಗಾಡಿದ್ದರೆ ನನಗೆ ಸುಖವಾಗಿರುತ್ತಿತ್ತು. ಹೀಗೆ ಮೆತ್ತಗೆ ಹೇಳಿದರೆ ಬೈಯುವುದಾದರೂ ಹೇಗೆ? ಆದರೆ ಘೋಷಣೆ ಆಗಿಹೋಗಿತ್ತಲ್ಲ! ತಾಯಿ ಮಗಳಿಬ್ಬರೂ ಕುರುಡುಮಲೆ ಗಣಪತಿಗೆ ಕೈಮುಗಿದು ಬರಲು ಹೊರಟುಹೋದರು. ಮನೆಯಲ್ಲಿ ಉಳಿದದ್ದು ನಾನು ಮತ್ತು ನನ್ನ ಮೂಗು.

ಇಲ್ಲಿ ಒಂದು ಗುಟ್ಟು ಹೇಳಿಬಿಡುತ್ತೇನೆ. ನಾನು ಫ್ಯಾಷನ್ನಿನ ವೈರಿ ನಿಜ, ಆದರೆ ಕುತೂಹಲ ನನ್ನ ಹುಟ್ಟುಗುಣ. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಹುಬ್ಬಿಗೊಂದು, ಕೆಳತುಟಿಗೊಂದು ರಿಂಗು ಹಾಕಿಕೊಂಡ ತರುಣನನ್ನು ನೋಡುತ್ತಾ ನಿಂತು ಎರಡು ಬಸ್ಸು ಬಿಟ್ಟಿದ್ದೇನೆ. ಈತ ಮುದ್ದೆ ನುಂಗುವಾಗ ತುಟಿಯ ತೂತಿನಿಂದ ಸಾರು ಸೋರುವುದಿಲ್ಲವೇ? ಮಲಗುವಾಗ ರಿಂಗು ಬಿಚ್ಚಿಡುತ್ತಾನೆಯೇ? ಕೇಳಲು ಧೈರ್ಯವಾಗಲಿಲ್ಲ. ಹಾಗೆ ನೋಡಿದರೆ ನಮ್ಮದೇನು ಕಮ್ಮಿ? ಹಲ್ಲು ಬರುವ ಮೊದಲೇ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿ, ಅದು ಊರು ಕಿತ್ತುಹೋಗುವಂತೆ ಅರಚುತ್ತಿದ್ದರೆ ಎರಡೂ ಕಿವಿ ಚುಚ್ಚಿಸಿ ಬಂದವರಿಗೆಲ್ಲ ಊಟ ಹಾಕುತ್ತೇವೆ! ಮಗುವಿನ ಒಪ್ಪಿಗೆ ಯಾರು ಕೇಳಿದ್ದಾರೆ? ನನ್ನ ಮಗಳಾದರೋ ಇಪ್ಪತ್ತೊಂದು ವರ್ಷದವಳು, ತಾನೇ ಬಂದು ಒಪ್ಪಿಗೆ ಕೇಳುತ್ತಿದ್ದಾಳೆ.

ಹೀಗೆಲ್ಲ ಯೋಚಿಸುತ್ತಾ ಪೇಪರು ಹುಡುಕುವ ನೆಪದಲ್ಲಿ ಅವಳ ಮೇಜಿನ ಹತ್ತಿರ ಹೋದೆ. ಅಲ್ಲೊಂದು ಪುಟ್ಟ ರಟ್ಟಿಗೆ ಸಿಕ್ಕಿಸಿದ ಎರಡು ಬಿಳಿಕಲ್ಲಿನ ಮೂಗುಬೊಟ್ಟುಗಳಿದ್ದವು. ಚುಚ್ಚಿಸದೆ ಹಾಕಿಕೊಳ್ಳುವಂಥವು! ಹೊರಗಡೆ ಕಲ್ಲು, ಮೂಗಿನ ಒಳಗಡೆ ಅರ್ಧ ಉದ್ದಿನಬೇಳೆಯಷ್ಟು ಮ್ಯಾಗ್ನೆಟ್ಟು, ಎರಡೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಯಾವ ಕಡೆ ಒಪ್ಪುತ್ತದೆಂದು ನೋಡಿಕೊಳ್ಳಲು ಪಾಪ ತಂದಿಟ್ಟುಕೊಂಡಿದ್ದಳು.

ಬಾಗಿಲು ಹಾಕಿದೆ. ಚಿಲಕವನ್ನೂ ಹಾಕಿದೆ. ಎಡಗಡೆಗೆ ಒಂದು ಸಿಕ್ಕಿಸಿ ಕನ್ನಡಿ ನೋಡಿದೆ. ಪರವಾಗಿಲ್ಲವೇ! ಮೀಸೆಯೊಂದು ಇಲ್ಲದಿದ್ದರೆ ಥೇಟ್ ನಮ್ಮ ಸೋದರತ್ತೆ! ಆದರೆ ಒಂದೇ ಕಡೆ ನೋಡಿ ತೀರ್ಮಾನಕ್ಕೆ ಬರುವುದು ವಿಜ್ಞಾನಕ್ಕೆ ಒಪ್ಪುವ ಮಾತಲ್ಲ. ಎಡಗಡೆಯದನ್ನು ತೆಗೆಯದೆಯೇ ಬಲಗಡೆಗೂ ಸಿಕ್ಕಿಸಿದೆ.

ಟಕ್!

ಹೊರಗಿದ್ದ ಎರಡು ಕಲ್ಲುಗಳೂ ಉದುರಿ ನೆಲಕ್ಕೆ ಬಿದ್ದವು. ಒಳಗಿದ್ದ ಎರಡು ಮ್ಯಾಗ್ನೆಟ್ಟುಗಳು ಜನ್ಮಾಂತರದ ಬಂಧುಗಳಂತೆ ಹಾರಿ, ಮೂಗಿನ ನಡುಗೋಡೆಯ ಆಚೆ ಈಚೆಯಿಂದ ಗಟ್ಟಿಯಾಗಿ ಅಪ್ಪಿಕೊಂಡವು! ವಿಜಾತೀಯ ಧ್ರುವಗಳು ಆಕರ್ಷಿಸುತ್ತವೆ ಎಂದು ನಾನು ಬೋರ್ಡಿನ ಮೇಲೆ ಬರೆದದ್ದೆಷ್ಟು ಸಲವೋ, ಇಷ್ಟು ಚೆನ್ನಾಗಿ ನನಗೇ ಅರ್ಥವಾಗಿದ್ದು ಇದೇ ಮೊದಲು. ಬೆರಳು ಹಾಕಿದೆ. ಇನ್ನೂ ಮೇಲಕ್ಕೆ ಹೋದವು. ಕಣ್ಣಲ್ಲಿ ನೀರು ಧಾರಾಕಾರ.

ಅಷ್ಟರಲ್ಲಿ ದೇವರ ದರ್ಶನ ಮುಗಿಸಿದವರು ಬಾಗಿಲು ಬಡಿದರು. ತೆರೆದೆ.

"ಶ್ಯಾಬಲಾ! ದದ್ದ ಬೂಗು!"

"ದಡ್ಡ ಅಂತ ನಿಮ್ಮನ್ನ ನೀವೇ ಯಾಕ್ರೀ ಬೈಕೋತೀರಾ?"

"ದಡ್ಡ ಅಲ್ಲ ಕಡೇ, ದದ್ದ! ದದ್ದ!" ಮೂಗು ಕಟ್ಟಿ 'ನನ್ನ' ಎಂಬುದು ಹೊರಡಲೇ ಇಲ್ಲ.

ರಂಜಿತ ಖಾಲಿ ರಟ್ಟನ್ನು ನೋಡಿದಳು, ನನ್ನ ಮೂಗನ್ನು ನೋಡಿದಳು, ಮೊಬೈಲಿನ ಟಾರ್ಚು ಹಾಕಿದಳು. "ಅಮ್ಮಾ, ಎರಡೂ ಒಳಗೈತೆ!" ಎಂದಳು. ನಗು ತಡೆದುಕೊಳ್ಳಲು ದುಪಟ್ಟಾ ಬಾಯಿಗೆ ತುರುಕಿಕೊಂಡಳು.

"ನಡೀರಿ ಆಸ್ಪತ್ರೆಗೆ" ಎಂದಳು ಶ್ಯಾಮಲ.

"ಬೇಡ! ಅಲ್ಲಿ ಡಾಕ್ಟರು ದದ್ದ ಶಿಷ್ಯ!" ಆ ಹುಡುಗನಿಗೆ ಮ್ಯಾಗ್ನೆಟ್ಟಿನ ಪಾಠ ಮಾಡಿದವನೇ ನಾನು.

ಆಗ ಶ್ಯಾಮಲಳಿಗೆ ತಮ್ಮ ಭೀಮರಾಜನ ನೆನಪಾಯಿತು. ಅವನಿಗೆ ನಂಗಲಿಯ ಹೈವೇಯಲ್ಲಿ ಲಾರಿ ಗ್ಯಾರೇಜು. ಕೆಳಗೆ ಬಿದ್ದ ನಟ್ಟು ಬೋಲ್ಟು ಎತ್ತುವ ದೊಡ್ಡ ಮ್ಯಾಗ್ನೆಟ್ಟು ಅವನ ಹತ್ತಿರವಿದೆ. ಚಿಕ್ಕದನ್ನು ದೊಡ್ಡದು ಎಳೆಯುತ್ತದೆ ಎಂಬುದು ಅವಳ ಲೆಕ್ಕಾಚಾರ. ತವರಿಗೆ ಫೋನು ಮಾಡಿದರೆ ಅವಳ ಬಾಯಲ್ಲಿ ತೆಲುಗೇ ಬರುವುದು. "ಒರೇಯ್ ಭೀಮಾ, ಮುಕ್ಕುಪುಡಕ ಇರುಕ್ಕುಂದಿರಾ! ವೆಂಟನೇ ರಾ!" ಎಂದು ಕೂಗಿದಳು. ಎಂದರೆ, ಮೂಗುಬೊಟ್ಟು ಸಿಕ್ಕಿಹಾಕಿಕೊಂಡಿದೆ, ಕೂಡಲೇ ಬಾ. ಮ್ಯಾಗ್ನೆಟ್ಟು ತಾ ಎಂದದ್ದು ಅವನು ಫೋನಿಟ್ಟ ಮೇಲೆ.

ಒಂದೂವರೆ ಗಂಟೆ ಬಾಯಲ್ಲೇ ಉಸಿರಾಡುತ್ತಾ ಕಾದೆ. ಮನೆಮುಂದೆ ಗೂಡ್ಸ್ ಆಟೋ ನಿಂತಿತು. ಅದರಿಂದ ಬಿಳಿ ಪಂಚೆಯಲ್ಲಿ ಭೀಮರಾಜ್ ಇಳಿದ. ಹಿಂದೆ ರೇಷ್ಮೆ ಸೀರೆಯುಟ್ಟ ಅವನ ಹೆಂಡತಿ ಮುನಿಲಕ್ಷ್ಮಿ. ಅವಳ ಹಿಂದೆ ಬಾಳೆಹಣ್ಣು, ತೆಂಗಿನಕಾಯಿ, ಹೂವಿನ ತಟ್ಟೆ ಹಿಡಿದ ಐದು ಮಂದಿ. ಕೊನೆಗೆ ಚರ್ಮದ ಪೆಟ್ಟಿಗೆ ಹಿಡಿದ ಅಕ್ಕಸಾಲಿ ಕದಿರೇಶ್ ಆಚಾರಿ!

"ಮ್ಯಾಗ್ನೆಟ್ ಎಲ್ಲೋ?" ಎಂದಳು ಶ್ಯಾಮಲ.

"ಯಾವ ಮ್ಯಾಗ್ನೆಟ್ ಅಕ್ಕಾ? ಮುಕ್ಕುಪುಡಕ ಉಂದಿ, ರಾ ಅಂದ್ಯಲ್ಲ!"

ಲಾರಿಗಳ ಹಾರ್ನಿನಲ್ಲಿ 'ಇರುಕ್ಕುಂದಿ' ಎಂಬುದರ ಮೊದಲರ್ಧ ಕೊಚ್ಚಿಹೋಗಿ 'ಉಂದಿ' ಮಾತ್ರ ನಂಗಲಿ ತಲುಪಿತ್ತು. ಪೆಂಡ್ಲಿ ಉಂದಿ ಎಂದರೆ ಅವರಲ್ಲಿ ಮದುವೆ ಇದೆ ಎಂದರ್ಥ. ಮುಕ್ಕುಪುಡಕ ಉಂದಿ ಎಂದರೆ ಮೂಗು ಚುಚ್ಚುವ ಶಾಸ್ತ್ರ ಇದೆ! "ಬಾವ ಕೊನೆಗೂ ಒಪ್ಪಿದ್ರಲ್ಲ ಅಂತ ಎಷ್ಟು ಖುಷಿಯಾಯ್ತು ಗೊತ್ತಾ! ಸೋದರಮಾವ ಬರಿಗೈಲಿ ಬರಕ್ಕಾಗ್ತದಾ?" ಎಂದು ಭೀಮರಾಜ್ ಜೇಬಿನಿಂದ ಚಿನ್ನದ ಮೂಗುಬೊಟ್ಟು ತೆಗೆದು ತಟ್ಟೆಯಲ್ಲಿಟ್ಟ. ರಂಜಿತ ಆ ಬೊಟ್ಟನ್ನು ನೋಡಿದಳು, ಆಮೇಲೆ ತಲೆ ತಗ್ಗಿಸಿದಳು.

"ಮೊದಲು ಇವರದ್ದು ನೋಡಿ ಆಚಾರ್ರೆ" ಎಂದು ಶ್ಯಾಮಲ ನನ್ನನ್ನು ಮುಂದಕ್ಕೆ ತಳ್ಳಿದಳು.

ಆಚಾರಿ ಕನ್ನಡಕ ಏರಿಸಿ ನನ್ನ ಮೂಗಿನೊಳಕ್ಕೆ ಇಣುಕಿದರು. "ಮೇಷ್ಟ್ರೆ, ನಲವತ್ತು ವರ್ಷದಿಂದ ಮೂಗು ಚುಚ್ತಾ ಇದ್ದೀನಿ. ಮೂಗಿಂದ ಕೀಳಕ್ಕೆ ಕರೆದೋರು ನೀವೇ ಮೊದಲು" ಎಂದರು. ಕಬ್ಬಿಣದ ಚಿಮಟವನ್ನು ಮೆಲ್ಲಗೆ ಒಳಗೆ ಬಿಟ್ಟರು. ಒಂದು ಮ್ಯಾಗ್ನೆಟ್ಟು ಚಿಮಟಕ್ಕೆ ಅಂಟಿಕೊಂಡು ಹೊರಬಂತು. ಜೋಡಿ ಅಗಲಿದ ಇನ್ನೊಂದು ನನ್ನ ಒಂದೇ ಸೀನಿಗೆ ಹಾರಿ ಕುಂಕುಮದ ತಟ್ಟೆಗೆ ಬಿತ್ತು. ಮುನಿಲಕ್ಷ್ಮಿ ಅಭ್ಯಾಸಬಲದಿಂದ ನನ್ನ ತಲೆಗೆ ಅಕ್ಷತೆ ಹಾಕಿದಳು!

ಉಸಿರು ಬಂತು. ಮಾತೂ ಬಂತು. ಆದರೆ ಆಡುವುದೇನು? ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ರಂಜಿತ ಒಬ್ಬಳು ನೋಡುತ್ತಿರಲಿಲ್ಲ. ಇಲ್ಲ ಎಂದರೆ ತಟ್ಟೆ ವಾಪಸ್ಸು ಹೋಗುತ್ತದೆ, ಅವಳು ಏನೂ ಅನ್ನದೆ ಒಳಗೆ ಹೋಗುತ್ತಾಳೆ. ಎರಡು ವರ್ಷ ಇದ್ದ ಹಟವೆಲ್ಲ ಆ ಸೀನಿನ ಜೊತೆಗೇ ಹೊರಟುಹೋಗಿತ್ತೋ ಏನೋ, "ಹೂಂ, ಕೂತ್ಕೋ ಮಗಳೇ" ಎಂದೆ.

ರಂಜಿತ ನನ್ನ ಕೈಯನ್ನೊಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟು, ಸೋದರಮಾವನ ಪಕ್ಕದಲ್ಲಿ ಹೋಗಿ ಕೂತಳು. ಆಚಾರಿ ಸೂಜಿ ತೆಗೆದರು. "ಎಡಗಡೆನೋ ಬಲಗಡೆನೋ?"

"ಬಲಗಡೆ" ಎಂದಳು ಶ್ಯಾಮಲ. "ನಮ್ಮ ಕಡೆ ಎಡಗಡೆನೇ" ಎಂದಳು ಮುನಿಲಕ್ಷ್ಮಿ. ಬಂದವರೆಲ್ಲ ಎರಡು ಪಂಗಡವಾದರು. ಮನೆಯ ಯಜಮಾನನಾಗಿ ನಾನೂ ಗಂಟಲು ಸರಿಮಾಡಿಕೊಂಡು, ಇದು ಹೆಂಗಸರ ವಿಚಾರ, ಗಂಡಸರಿಗೇನು ತಿಳಿಯುತ್ತದೆ ಎಂದು ಗಾಂಭೀರ್ಯದಿಂದ ಹೇಳಿದೆ.

"ಇಲ್ಲ ಆಚಾರ್ರೆ, ಅಪ್ಪನ್ನೇ ಕೇಳಿ" ಎಂದಳು ರಂಜಿತ. "ಇಷ್ಟು ಜನದಲ್ಲಿ ಎರಡೂ ಕಡೆ ಹಾಕ್ಕೊಂಡು ನೋಡಿರೋದು ಅಪ್ಪ ಒಬ್ಬರೇ!"

ನಾನು ತೆಪ್ಪಗೆ ಎಡಗಡೆ ಮುಟ್ಟಿ ತೋರಿಸಿದೆ.