ಲಾರ್ಸಪ್ಪನ ಬಿಸಿಲು

ಮುರುಗೇಶನ ಮದುವೆಗೆ ಅಡ್ಡ ಬಂದದ್ದು ಜಾತಕವಲ್ಲ, ದಿನದಿನಕ್ಕೆ ಅಗಲವಾಗುತ್ತಿದ್ದ ಹಣೆಯೂ ಅಲ್ಲ. ಅಡ್ಡ ಬಂದದ್ದು ಒಂದು ನುಲಿ ಮಂಚ. ಆ ಮಂಚವನ್ನು ಕೋಣೆಯಿಂದ ಮಾಳಿಗೆಗೆ ಹೊರುವಾಗ ಒಂದು ಕಡೆ ಹಿಡಿದವನು ತಾನೇ ಎಂದು ನೆನೆದರೆ ಅವನ ಹೊಟ್ಟೆ ಈಗಲೂ ಉರಿಯುತ್ತದೆ.

ಚಳ್ಳಕೆರೆ ಪೇಟೆಯಲ್ಲಿ ಮುರುಗೇಶನದು ಫ್ಯಾನು, ಕೂಲರಿನ ಅಂಗಡಿ. ಊರಿಗೆಲ್ಲ ತಂಪು ಮಾರುವ ಈ ಪುಣ್ಯಾತ್ಮ ತಾನು ಮಾತ್ರ ಬಿಸಿಲಿಗೆ ಕಾಲಿಟ್ಟವನಲ್ಲ. ಮನೆಯಿಂದ ಅಂಗಡಿಗೆ ಕೂಗಿದರೆ ಕೇಳಿಸುವಷ್ಟು ದೂರ. ಅದಕ್ಕೂ ಆಟೋ ಬೇಕು, ಆಟೋದೊಳಗೂ ತಲೆಗೆ ಒದ್ದೆ ಟವೆಲ್ಲು ಬೇಕು. ಅಂಥವನ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದವನು ನಾರ್ವೆ ದೇಶದ ಲಾರ್ಸ್. ದೊಡ್ಡಉಳ್ಳಾರ್ತಿ ಕಡೆ ದನ ಮೇಯುವ ಕಾವಲಿನಲ್ಲಿ ಹುಲ್ಲಿನ ಬಗ್ಗೆ ಅದೇನೋ ಸಂಶೋಧನೆ ಮಾಡುವವನು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಆಳು, ಕಂಡವರಿಗೆಲ್ಲ ನಗು. ಬಂದ ವಾರದಲ್ಲೇ ಕೇರಿಯ ಬಾಯಲ್ಲಿ ಲಾರ್ಸಪ್ಪ ಆಗಿಬಿಟ್ಟ.

ಲಾರ್ಸಪ್ಪನ ಊರಲ್ಲಿ ಚಳಿಗಾಲ ಬಂದರೆ ಸೂರ್ಯ ಮುಖ ತೋರಿಸುವುದೇ ಅಪರೂಪವಂತೆ. ಹಾಗಾಗಿ ನಮ್ಮ ಬಿಸಿಲು ಕಂಡು ಅವನಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಮುರುಗೇಶ ಆಸೆಪಟ್ಟು ಹಾಕಿಸಿದ್ದ ಏಸಿಯನ್ನು ಮೊದಲ ದಿನವೇ ಆರಿಸಿದ. ಆಮೇಲೆ ಊಟ ಹೊರಗೆ, ಓದು ಹೊರಗೆ, ಗಡ್ಡ ಹೆರೆಯುವುದೂ ಹೊರಗೆ. ಕೊನೆಗೆ, "ಮುರುಗೇಶ್, ಮಂಚ ಮೇಲೆ ಹಾಕೋಣ?" ಎಂದು ಕೇಳಿದಾಗ ಪರದೇಶದವನಿಗೆ ಇಲ್ಲ ಅನ್ನಲು ಮನಸ್ಸು ಬಾರದೆ ಇವನು ಹೂಂ ಅಂದ. ಅವತ್ತಿನಿಂದ, ಏಪ್ರಿಲ್ಲಿನ ಮಧ್ಯಾಹ್ನ ಊರೆಲ್ಲ ಬಾಗಿಲು ಹಾಕಿಕೊಂಡು ಮಲಗಿದರೆ, ಲಾರ್ಸಪ್ಪ ಒಂದು ಚಡ್ಡಿಯಲ್ಲಿ ಮಾಳಿಗೆ ಮೇಲೆ ಅಂಗಾತ.

ಇದರಿಂದ ಸಂತೋಷವಾದದ್ದು ಮುರುಗೇಶನ ಅವ್ವ ವೀರಮ್ಮನಿಗೆ. ಮಾಳಿಗೆ ಮೇಲೆ ಒಣಹಾಕಿದ ಸಂಡಿಗೆ ಕಾಯಲು ಸಂಬಳವಿಲ್ಲದ ಆಳು ಸಿಕ್ಕಂತಾಯಿತು. ಅವನ ಕೈಗೊಂದು ಉದ್ದ ಕೋಲು ಕೊಟ್ಟು, "ಹುಶ್ಶಾ ಕಾಗೆ ಅನ್ನಪ್ಪ" ಎಂದು ಕಲಿಸಿದಳು. ಅವನು ಕಣ್ಣು ಮುಚ್ಚಿಕೊಂಡೇ "ಹುಶ್ಶಾ ಕಾಗೆ" ಅನ್ನುತ್ತಿದ್ದ.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಸಂಬಂಧ ಕುದುರಿಸುವ ಹುಚ್ಚಕ್ಕನ ಫೋನು ಬಂತು.

"ಮುರುಗೇಶಾ, ಪರಶುರಾಂಪುರದ ಮರುಳಪ್ಪಾರು ಇವತ್ತೇ ಮನೆ ನೋಡಾಕೆ ಬರ್ತಾರೆ ಕಣಪ್ಪ. ಮಗಳು ಶಿವರಂಜನಿ ನಿನ್ನ ಫೋಟೋ ಒಪ್ಪಿದಾಳೆ. ಹುಡುಗ ಹೆಂಗೆ, ಮನೆ ಹೆಂಗೆ ಅಂತ ಅಪ್ಪ ನೋಡಿ ಹೂಂ ಅಂದ್ರೆ ಮುಗೀತು. ಒಬ್ಬಳೇ ಮಗಳು, ಕಣ್ಣಾಗೆ ಕಣ್ಣಿಟ್ಟು ಸಾಕಿದಾರೆ. ಎಲ್ಲಾ ನೆಟ್ಟಗಿರ್ಲಿ."

ಇದುವರೆಗೆ ಎಷ್ಟೋ ಕಡೆ ಉಪ್ಪಿಟ್ಟು ತಿಂದು ಬರಿಗೈಲಿ ಬಂದವನು ಮುರುಗೇಶ. ಶಿವರಂಜನಿಯ ಫೋಟೋ ಅವನ ಫೋನಿನಲ್ಲಿತ್ತು. ಹೊಲದಲ್ಲಿ ಟ್ರಾಕ್ಟರ್ ಪಕ್ಕ ನಿಂತು ಬಾಯ್ತುಂಬ ನಕ್ಕಿದ್ದಳು. ಅದನ್ನು ನೋಡಿದಾಗಲೆಲ್ಲ, 'ಪಾಪ, ಎಂಥಾ ಬಿಸಿಲಲ್ಲಿ ನಿಲ್ಲಿಸಿದಾರಪ್ಪ! ನಮ್ಮನೆಗೆ ಬಂದ್ರೆ ತಂಪಾಗಿ ನೋಡ್ಕೋಬೇಕು' ಎಂದು ಅವನ ಕರುಳು ಕರಗುತ್ತಿತ್ತು. ಮರುಳಪ್ಪನಿಗೂ ಬೇಕಾದ್ದು ಅದೇ ಅಲ್ಲವೇ? ಅಂಗಡಿಯಿಂದ ಕೂಲರುಗಳನ್ನು ತರಿಸಿ ಪಡಸಾಲೆಯ ಮೂಲೆಮೂಲೆಗೂ ಇಟ್ಟ. ಕಿಟಕಿಗೆಲ್ಲ ಲಾವಂಚದ ಚಾಪೆ ಕಟ್ಟಿ ನೀರು ಹೊಯ್ದ.

ಅಷ್ಟರಲ್ಲಿ ಪಕ್ಕದ ಮನೆ ಈಶ್ವರಮ್ಮ ಬಂದಳು. ಮೊಳಕಾಲ್ಮೂರಿನ ತೆಲುಗು ಮಾತಿನ ನೇಕಾರರ ಮನೆ ಹೆಣ್ಣುಮಗಳು, ಇಲ್ಲಿ ರೇಷ್ಮೆ ಸೀರೆ ಅಂಗಡಿ ಇಟ್ಟವಳು. ಗಂಡಿನ ಮನೆ ಒಪ್ಪಿಗೆಯಾದರೆ ಹುಡುಗಿಗೆ ಕಳಿಸಲು ವೀರಮ್ಮ ಆರಿಸಿದ್ದ ಸೀರೆಯನ್ನು ತಂದಿದ್ದಳು. ಬಂದವಳು ಸುಮ್ಮನೆ ಕೊಟ್ಟು ಹೋಗಬಾರದೇ? ತಲೆ ಎತ್ತಿ ಮಾಳಿಗೆ ನೋಡಿದಳು.

"ಅಯ್ಯೋ ಪಾಪಮು! ಮುರುಗೇಶಪ್ಪ, ಆ ಮನುಷ್ಯನ್ನ ಯಾಕೆ ಹೊರಗೆ ಹಾಕೀಯ? ಜಗಳ ಆಡಿದ್ರಾ?"

"ಹೊರಗೆ ಹಾಕಿಲ್ಲ ಕಣ್ರೀ, ಅವನೇ ಮಲಗಿದಾನೆ."

"ಯಾರಾದ್ರೂ ತಾವೇ ಹೋಗಿ ಈ ಬಿಸ್ಲಾಗೆ ಮಲಗ್ತಾರಾ? ಮೈಯೆಲ್ಲ ಟೊಮೇಟೊ ಆಗೈತೆ! ಇವತ್ತು ಬೀಗರು ಬರ್ತಾರೆ ಅಂತೀಯ. ನಂಬಿ ಬಂದೋನನ್ನೇ ಹಿಂಗೆ ಒಣಗಿಸೋರು ಸೊಸೆನ ಹೆಂಗೆ ನೋಡ್ಕೋತಾರೆ ಅನ್ನಲ್ವಾ?"

ಮುರುಗೇಶನಿಗೆ ಇದು ಹೊಳೆದೇ ಇರಲಿಲ್ಲವಲ್ಲ! ಈಶ್ವರಮ್ಮ ಅಷ್ಟಕ್ಕೇ ಬಿಡದೆ ಚೊಂಬಿನ ತುಂಬ ಮಜ್ಜಿಗೆ ತಂದು, ಮಾಳಿಗೆ ಹತ್ತಿ, "ಮಜ್ಜಿಗ ತಾಗು ನಾಯನಾ" ಎಂದು ಲಾರ್ಸಪ್ಪನಿಗೆ ಕುಡಿಸಿ, ಇಳಿದು ಹೋಗುತ್ತ ಎದುರು ಮನೆಗೂ, ಮೂಲೆ ಮನೆಗೂ ವಿಷಯ ಮುಟ್ಟಿಸಿದಳು. ಸ್ವಲ್ಪ ಹೊತ್ತಿಗೆಲ್ಲ ಕೇರಿ ಬಾಗಿಲಲ್ಲಿತ್ತು. ಒಬ್ಬರು ಎಳನೀರು ತಂದರು, ಒಬ್ಬರು ಬೀಸಣಿಗೆ ತಂದರು. "ಮುರುಗೇಶ, ನಿಮ್ಮಪ್ಪ ಇದ್ದಿದ್ರೆ ಹಿಂಗೆ ಮಾಡ್ತಿದ್ನೇನೋ?" ಎಂದು ಹಿರಿಯರೊಬ್ಬರು ಕಣ್ಣಲ್ಲಿ ನೀರು ತಂದುಕೊಂಡರು.

ಮುರುಗೇಶ ಟವೆಲ್ಲು ಸುತ್ತಿಕೊಂಡು ಮಾಳಿಗೆಗೆ ಓಡಿದ.

"ಲಾರ್ಸ್, ಒಳಗೆ ಬಾ ಮಾರಾಯ. ಏಸಿ ಹಾಕ್ತೀನಿ."

"ಏಸಿ ನಮ್ಮ ಊರಲ್ಲಿ ಪುಕ್ಕಟೆ. ಬಾಗಿಲು ತೆಗೆದರೆ ಸಾಕು" ಎಂದು ಲಾರ್ಸಪ್ಪ ನಕ್ಕ. "ಬಿಸಿಲು ಬಾಳ ಚೆನ್ನಾಗೈತೆ. ನೀನೂ ಮಲಗು."

"ಇವತ್ತು ಒಂದು ದಿನ ಕಣಪ್ಪ!"

"ಇವತ್ತು ಭಾನುವಾರ. ಇದು ನನ್ನ ರಜ."

ಬೇರೆ ದಾರಿ ಕಾಣದೆ ಮುರುಗೇಶ ಶಾಮಿಯಾನದವನನ್ನು ಕರೆಸಿದ. ಲಾರ್ಸಪ್ಪನ ಮಂಚಕ್ಕೆ ಸರಿಯಾಗಿ ಮೇಲೆ ಬಣ್ಣದ ಬಟ್ಟೆ ಕಟ್ಟಿಸಿದ. ಲಾರ್ಸಪ್ಪ ಎದ್ದು, "ಓಹೋ, ಮದುವೆ!" ಎಂದು ಖುಷಿಪಟ್ಟು, ಮಂಚವನ್ನು ಆಚೆ ಬಿಸಿಲಿಗೆ ಎಳೆದುಕೊಂಡ. ಶಾಮಿಯಾನದವನು ಹಗ್ಗ ಬಿಚ್ಚಿ ಆ ಕಡೆ ಕಟ್ಟಿದ. ಮಂಚ ಈ ಕಡೆ ಬಂತು. ಮೂರನೇ ಸಲಕ್ಕೆ ಶಾಮಿಯಾನದವನು, "ಅಣ್ಣಾ, ಮೊದ್ಲು ಅವ್ರನ್ನ ಕಟ್ಟಿಹಾಕು, ಆಮ್ಯಾಕೆ ನನ್ನ ಕರಿ" ಎಂದು ಬಟ್ಟೆ ಸುತ್ತಿಕೊಂಡು ಹೊರಟೇ ಹೋದ.

ಇತ್ತ ನಡುನೆತ್ತಿಗೆ ಸೂರ್ಯ ಬಂದ. ಅತ್ತ ಬೀದಿ ತಿರುವಿನಲ್ಲಿ ಜೀಪಿನ ಹಾರನ್ನು ಕೇಳಿಸಿತು. ಮುರುಗೇಶ ಕಡೆಯ ಅಸ್ತ್ರ ಹೂಡಿದ. ಅಪ್ಪನ ಕಾಲದ ದೊಡ್ಡ ಕರಿ ಕೊಡೆ ಬಿಚ್ಚಿ ಲಾರ್ಸಪ್ಪನ ತಲೆಯ ಬಳಿ ನಿಂತ. ಇವನನ್ನು ಒಳಗೆ ಒಯ್ಯಲಾಗದಿದ್ದರೂ ಎಷ್ಟು ಮುತುವರ್ಜಿಯಿಂದ ನೋಡಿಕೊಳ್ಳುತ್ತಿದ್ದೇನೆ ಎಂದಾದರೂ ಮರುಳಪ್ಪನಿಗೆ ಕಾಣಲಿ! ಆದರೆ ಕೊಡೆ ಲಾರ್ಸಪ್ಪನ ಮೇಲಿದ್ದರೆ ಮುರುಗೇಶ ಬಿಸಿಲಲ್ಲಿ. ಟವೆಲ್ಲು ಎಲ್ಲಿ ಬಿತ್ತೋ ಗೊತ್ತಿಲ್ಲ. ಹುಟ್ಟಿದಾಗಿನಿಂದ ಬಿಸಿಲು ಕಾಣದ ಹಣೆ ಧಗಧಗ ಅನ್ನತೊಡಗಿತು.

ಜೀಪಿನಿಂದ ಮರುಳಪ್ಪ ಇಳಿದ. ದಪ್ಪ ಮೀಸೆ, ಕರ್ರಗೆ ಸುಟ್ಟ ಮೈ, ಬರಿದಲೆ. ಹುಚ್ಚಕ್ಕ ಹಿಂದೆ. ಒಳಗೆ ಕೂರಿಸಿದ್ದಕ್ಕೆ ನಾಲ್ಕೂ ಕಡೆಯಿಂದ ಕೂಲರು ಬುಸ್ಸೆಂದು ನೀರು ಚಿಮುಕಿಸಿ ಅವನ ಮೀಸೆಯೇ ತೊಯ್ದುಹೋಯಿತು.

"ಏನವ್ವ ಇದು, ಥಂಡಿ ಹಿಡಿಯಾಹಂಗೈತೆ. ಆರಿಸ್ರಿ ಮೊದ್ಲು" ಎಂದ ಮರುಳಪ್ಪ. "ಹುಡುಗ ಎಲ್ಲಿ?"

"ಮಾಳಿಗೆ ಮೇಲವ್ನೆ" ಎಂದಳು ವೀರಮ್ಮ.

"ಈ ಬಿಸ್ಲಾಗೆ?" ಮರುಳಪ್ಪನ ಮುಖ ಅರಳಿತು. "ನಡೀರಿ, ನೋಡಾಣ."

ಮೆಟ್ಟಿಲ ತುದಿಯಲ್ಲಿ ಆ ಮೀಸೆ ಕಂಡದ್ದೇ ಮುರುಗೇಶ ನಮಸ್ಕಾರ ಮಾಡಲು ಕೊಡೆ ಬಿಟ್ಟು ಕೈ ಜೋಡಿಸಿದ. ಬಾಯಿ ತೆರೆದು "ಬರ್ರಿ ಮಾವ" ಎನ್ನುವಷ್ಟರಲ್ಲಿ ಮಾವ ಇಬ್ಬರಾದರು, ಸೂರ್ಯ ಇಬ್ಬರಾದರು, ಆಮೇಲೆ ಯಾರೂ ಇರಲಿಲ್ಲ. ಮುರುಗೇಶ ದಬಕ್ಕನೆ ಸಂಡಿಗೆಯ ಮೇಲೆ ಬಿದ್ದ.

ಲಾರ್ಸಪ್ಪ ಎಗರಿ ಎದ್ದ. ಕುರಿಮರಿ ಎತ್ತಿದಂತೆ ಅವನನ್ನು ಎರಡು ಕೈಯಲ್ಲಿ ಎತ್ತಿಕೊಂಡು, ದಡದಡ ಮೆಟ್ಟಿಲಿಳಿದು, ಪಡಸಾಲೆಯಲ್ಲಿ ಮಲಗಿಸಿ, ಮುಖಕ್ಕೆ ನೀರು ಚಿಮುಕಿಸಿ, ಏನೂ ಆಗಿಲ್ಲವೆಂಬಂತೆ ಮತ್ತೆ ಮೇಲೆ ಹೋಗಿ ಕೋಲು ಹಿಡಿದ. ಮರುಳಪ್ಪ ಮೀಸೆ ಸವರುತ್ತ ಎಲ್ಲವನ್ನೂ ನೋಡಿದ.

ಮುರುಗೇಶ ಕಣ್ಣು ಬಿಟ್ಟಾಗ ಬೆನ್ನಿಗೆಲ್ಲ ಸಂಡಿಗೆ ಅಂಟಿತ್ತು. ಮೊದಲು ಬಂದ ಮಾತೇ ಸಮಜಾಯಿಷಿ. "ಮಾವ, ನಾವು ಅವನನ್ನ ಬಿಸಿಲಿಗೆ ಹಾಕಿದ್ದಲ್ಲ, ದೇವರಾಣೆ. ನಿಮ್ಮ ಮಗಳನ್ನಂತೂ ಹೊಸಿಲು ದಾಟಿಸಲ್ಲ. ಬಿಸಿಲು ಸೋಕದಂಗೆ ನೋಡ್ಕೋತೀನಿ. ಕೋಣೆಗೊಂದು ಕೂಲರು ಐತೆ!"

"ಅದೇ ಕಣಪ್ಪ ತೊಂದ್ರೆ" ಎಂದು ಮರುಳಪ್ಪ ನಿಟ್ಟುಸಿರುಬಿಟ್ಟ. "ನನ್ನ ಮಗಳು ಬೆಳಗಾದ್ರೆ ಟ್ರಾಕ್ಟರ್ ಮೇಲಿರ್ತಾಳೆ. ಶೇಂಗಾ ಹೊಲ, ಈರುಳ್ಳಿ ಹೊಲ ಎಲ್ಲಾ ಅವಳದೇ ಯಜಮಾನಿಕೆ. 'ನೆರಳಾಗೆ ಕೂರೋ ಗಂಡು ನೋಡಿದ್ರೆ ಊಟ ಬಿಡ್ತೀನಿ ಅಪ್ಪಾ' ಅಂತ ಹೇಳಿ ಕಳ್ಸವ್ಳೆ. ಅವಳ ಜತೆಗೆ ಹೊಲದಾಗೆ ನಿಲ್ಲೋ ಅಳಿಯ ಬೇಕಿತ್ತು ನನಗೆ. ನೀನು ಒಳ್ಳೇನೇ, ಆದ್ರೆ ನಿನ್ನ ಕರ್ಕೊಂಡು ಹೋದ್ರೆ ನಿನಗೇ ಒಬ್ಬ ಕೊಡೆ ಹಿಡಿಯೋನು ಬೇಕು."

ಮುರುಗೇಶನ ದುಃಖ ನೋಡಲಾರದೆ ಹುಚ್ಚಕ್ಕ ಕಾಫಿ ಲೋಟದೊಳಗೆ ಮುಖ ಇಟ್ಟಳು.

ಹೊರಡುವ ಮುಂಚೆ ಮರುಳಪ್ಪ ಮತ್ತೊಮ್ಮೆ ಮಾಳಿಗೆ ಹತ್ತಿದ. ಮೇಲಿನಿಂದ ಮಾತು ತೇಲಿ ಬಂತು.

"ಸಾಹೇಬ್ರೇ, ನಮ್ಮ ಹೊಲದಾಗೆ ಒಂದು ಮನೆ ಖಾಲಿ ಐತೆ. ನೋಡಾಕೆ ಬರ್ತೀರಾ?"

"ಅಲ್ಲಿ ಮರ?"

"ಕಣ್ಣು ಹಾಯೋವರೆಗೂ ಒಂದೂ ಇಲ್ಲ."

"ಓ! ಬರ್ತೀನಿ!"

ಲಾರ್ಸಪ್ಪ ಅಂಗಿ ತೊಟ್ಟು, ಬ್ಯಾಗು ಹೆಗಲಿಗೇರಿಸಿ, ವೀರಮ್ಮನ ಕಾಲು ಮುಟ್ಟಿ, ಮುರುಗೇಶನನ್ನು ತಬ್ಬಿಕೊಂಡು, "ನಿನ್ನ ಶಾಮಿಯಾನ ಚೆನ್ನಾಗಿತ್ತು" ಎಂದ. ಮಂಚವನ್ನು ಜೀಪಿನ ಮೇಲೆ ಕಟ್ಟಿದರು. ಆಗಲೂ ಒಂದು ಕಡೆ ಹಿಡಿದವನು ಮುರುಗೇಶನೇ. ಜೀಪಿಗೆ ಕಾಲಿಟ್ಟ ಮರುಳಪ್ಪ ಹುಚ್ಚಕ್ಕನ ಕಿವಿಯ ಹತ್ತಿರ ಬಗ್ಗಿ ಕೇಳಿದ್ದು ಮಾತ್ರ ಇಡೀ ಕೇರಿಗೆ ಕೇಳಿಸಿತು.

"ಈ ಸಾಹೇಬ್ರಿಗೆ ಮದುವೆ ಆಗೈತಾ?"

ಜೀಪಿನ ಧೂಳು ಅಡಗಿದ ಮೇಲೆ ಈಶ್ವರಮ್ಮ ಬಂದು ಸೀರೆಯ ಪೊಟ್ಟಣವನ್ನು ಬಗಲಿಗೆ ಸೇರಿಸಿಕೊಂಡಳು. "ಪರವಾಗಿಲ್ಲ ಬಿಡಪ್ಪ, ಲಾರ್ಸಪ್ಪನ ಮದುವೆಗೆ ಬೇಕಾಗ್ತೈತೆ" ಎಂದು ಸಮಾಧಾನ ಹೇಳಿದಳು.

ಮುರುಗೇಶ ಮೂಲೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತ. ವೀರಮ್ಮ ಅವನ ಬೆನ್ನಿಂದ ಸಂಡಿಗೆ ಬಿಡಿಸುತ್ತ ಕೂತಳು. ಅಷ್ಟರಲ್ಲಿ ಮಾಳಿಗೆ ಮೇಲೆ ಕಾಗೆಗಳ ಸಂತೆ ಶುರುವಾಯಿತು. ಅವ್ವ ಗಡಬಡಿಸಿ ಎದ್ದಳು.

"ಅಯ್ಯೋ, ಉಳಿದಿದ್ದೂ ಹೋಯ್ತಲ್ಲೋ! ಏಳಪ್ಪ, ಮೇಲೆ ಹೋಗಿ ಕೋಲು ಹಿಡಿ. ಅವನಂತೂ ಹೊರಟ, ಇನ್ಯಾರು ಕಾಯ್ಬೇಕು?"

ಮುರುಗೇಶ ಮೇಲೆ ಹೋದ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಅಪ್ಪನ ಕರಿ ಕೊಡೆ. ಸಂಡಿಗೆಯ ನಡುವೆ ಕುಕ್ಕರುಗಾಲಲ್ಲಿ ಕೂತು, "ಹುಶ್ಶಾ ಕಾಗೆ" ಎಂದ. ಹಿಂದೆಯೇ ಅವ್ವ ಹತ್ತಿ ಬಂದು ನೋಡಿ ಹಣೆ ಚಚ್ಚಿಕೊಂಡಳು.

"ಕೊಡೆ ಮಡಚೋ! ಸಂಡಿಗೆ ಮೇಲೆ ನೆರಳು ಬೀಳ್ತೈತೆ."