ಕಾಫಿ ಗೂಟ ನಂಬಿ ಟ್ರೇಲರ್ ಎಳೆದದ್ದು

ಜೀಪು ಹೋದ ಕಡೆ ಟ್ರೇಲರ್ ಬರುತ್ತದೆ, ಅದರಲ್ಲಿ ಕಲಿಯುವುದೇನಿದೆ? ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯವರೆಗೂ ಇದು ನನ್ನ ಅಚಲ ನಂಬಿಕೆಯಾಗಿತ್ತು.

ವಸ್ತಾರೆ ಹತ್ತಿರದ ನಮ್ಮ ನಾಲ್ಕೆಕರೆ ರೋಬಸ್ಟಾ ಕಾಫಿ ಆ ವರ್ಷ ಗಿಡದ ತುಂಬ ಮೊಗ್ಗು ಹೊತ್ತು ನಿಂತಿತ್ತು. ಮಳೆಯ ಸುಳಿವಿಲ್ಲ. ಎರಡು ದಿನದಲ್ಲಿ ನೀರು ಬೀಳದಿದ್ದರೆ ಮೊಗ್ಗು ಕರಟಿ, ಇಡೀ ವರ್ಷದ ಫಸಲಿಗೆ ಕೈಮುಗಿಯಬೇಕು. ಪಂಪು, ಪೈಪು ಸೇರಿದ ಸ್ಪ್ರಿಂಕ್ಲರ್ ಸೆಟ್ಟು ನಮಗೂ ಪಕ್ಕದ ತೋಟದ ಪುಟ್ಟೇಗೌಡರಿಗೂ ಪಾಲಿನದು. ಅವರ ಸರದಿ ಮುಗಿದ ಮರುದಿನ ಬೆಳಿಗ್ಗೆಯೇ ಜೀಪು ತೆಗೆದೆ. ಹೆಂಡತಿ ಶಾರದೆಯೂ ಹತ್ತಿದಳು.

"ರೀ, ಟ್ರೇಲರ್ ಹಾಕಿ ಓಡ್ಸಿ ಅಭ್ಯಾಸ ಇದ್ಯಾ ನಿಮಗೆ?"

"ಅದಕ್ಕೆಂಥ ಅಭ್ಯಾಸ?"

ಗೌಡರ ಕಣದಲ್ಲಿ ಲೋಡು ಮಾಡುವಾಗ ನನ್ನ ಬುದ್ಧಿ ಅತಿ ಚುರುಕಾಗಿ ಓಡಿತು. ಇಳಿಸಲು ಸುಲಭವಾಗಲೆಂದು ಭಾರದ ಡೀಸೆಲ್ ಪಂಪನ್ನು ಅವರ ಟ್ರೇಲರಿನ ತೀರಾ ಹಿಂದಿನ ಅಂಚಿನಲ್ಲಿ ಇಡಿಸಿದೆ. ಜೀಪಿನ ಕೊಂಡಿಗೆ ಹಾಕುವ ಕಬ್ಬಿಣದ ಪಿನ್ನು ಕಾಣಲಿಲ್ಲ. ಗೌಡರು ಒಳಗೆ ತಿಂಡಿಗೆ ಕೂತಿದ್ದರು; ಕೇಳಲು ನನ್ನ ಸ್ವಾಭಿಮಾನ ಒಪ್ಪಲಿಲ್ಲ. ಒಣಗಿದ ಕಾಫಿ ಗಿಡದ ಕಾಂಡ ಕೆತ್ತಿ ಗೂಟ ಮಾಡಿ ಪಿನ್ನಿನ ಜಾಗಕ್ಕೆ ಹೊಡೆದೆ. ಕಾಫಿ ಮರ ಎಷ್ಟು ಗಟ್ಟಿಯೆಂದು ಬೆಳೆಗಾರನಿಗೆ ಯಾರಾದರೂ ಹೇಳಿಕೊಡಬೇಕೆ!

ಏರು ಶುರುವಾಯಿತು. ಹಿಂಭಾರಕ್ಕೆ ಟ್ರೇಲರಿನ ಮೂತಿ ಮೇಲೆದ್ದು, ಜೀಪಿನ ಹಿಂಭಾಗವನ್ನೂ ಎತ್ತತೊಡಗಿತು. ಚಕ್ರ ನಿಂತಲ್ಲೇ ಗಿರಗಿರ ತಿರುಗಿತು. ನಾನು ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದೆ. ಟಪ್ ಎಂದಿತು. ಜೀಪು ಮುಂದಕ್ಕೆ ಜಿಗಿಯಿತು.

"ನೋಡ್ದ್ಯಾ, ಹೆಂಗೆ ಎಳೀತು?" ಎಂದೆ.

ಶಾರದೆ ಹಿಂದೆ ತಿರುಗಿ ನೋಡಿದಳು. "ಎಳೀತು. ಟ್ರೇಲರ್ ಬರ್ಲಿಲ್ಲ, ಅಷ್ಟೆ."

ಟ್ರೇಲರ್ ಬಂದ ದಾರಿಯಲ್ಲೇ ಹಿಮ್ಮುಖವಾಗಿ ಇಳಿದು, ಗೌಡರ ಕಣದಲ್ಲಿದ್ದ ಒಣಕಾಫಿಯ ರಾಶಿಗೆ ನುಗ್ಗಿ ನಿಂತಿತು. ಪಂಪು ಒಡೆದರೆ ಫಸಲು ಹೋಯಿತು. ಓಡುತ್ತ ಇಳಿಯುವಾಗ ನನಗೆ ಅಳು ಬರುವುದೊಂದು ಬಾಕಿ. ಕೈ ತೊಳೆದು ಹೊರಗೆ ಬಂದ ಗೌಡರು ರಾಶಿಯನ್ನೂ ನನ್ನನ್ನೂ ನೋಡಿದರು.

"ಏನ್ ಮಾರಾಯ, ಈಗಷ್ಟೇ ತಗಂಡೋದೆ. ಇಷ್ಟು ಬೇಗ ನೀರು ಹೊಡ್ದು ವಾಪಸ್ ಕಳ್ಸಿದ್ಯಾ?"

ಅವರೇ ಪಂಪಿನ ಹ್ಯಾಂಡಲ್ ತಿರುಗಿಸಿದರು. ಮೂರನೇ ಸಲಕ್ಕೆ ಅದು ಡಬಡಬ ಎಂದಿತು. ಅಷ್ಟು ಇಂಪಾದ ಸದ್ದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಏರಿನಲ್ಲಿ ಬಿಟ್ಟಿದ್ದ ಜೀಪನ್ನು ಮತ್ತೆ ಕಣಕ್ಕೆ ತಂದು ನಿಲ್ಲಿಸಿದೆ. ಗೌಡರು ಪಂಪನ್ನು ಚಕ್ರಗಳಿಗಿಂತ ತುಸು ಮುಂದಕ್ಕೆ ಇಡಿಸಿದರು, ಒಳಗೆ ಮೊಳೆಗೆ ನೇತುಹಾಕಿದ್ದ ಪಿನ್ನು ತಂದು ಹಾಕಿ, ಮೇಲೊಂದು ಸರಪಳಿಯನ್ನೂ ಬಿಗಿದರು.

"ಕೊಂಡಿ ಮೇಲೆ ಒಂಚೂರು ಭಾರ ಕೂರ್ಬೇಕು ಮಾರಾಯ. ಸರಿ, ಈಗ ಜೀಪು ಯಾರು ಓಡ್ಸೋದು?"

ಶಾರದೆ ನನ್ನ ಕೈಯಿಂದ ಕೀ ತೆಗೆದುಕೊಂಡಳು. ಗೌಡರು ನನ್ನ ಕೈಗೆ ಒಂದು ಕಲ್ಲು ಕೊಟ್ಟರು. "ನೀನು ಪಕ್ಕದಲ್ಲಿ ನಡಿ. ಜೀಪು ನಿಂತ್ರೆ ಟ್ರೇಲರ್ ಚಕ್ರಕ್ಕೆ ಕಲ್ಲು ಕೊಡು." ಜೀಪು ಎಲ್ಲಿಯೂ ನಿಲ್ಲಲಿಲ್ಲ.

ಅಂದು ಸಂಜೆಯೇ ತೋಟಕ್ಕೆ ನೀರು ಬಿತ್ತು. ವಾರ ಕಳೆದ ಮೇಲೆ ನಾಲ್ಕೆಕರೆಯೂ ಬೆಳ್ಳಗೆ ಅರಳಿತು. ಹೂ ನೋಡಲು ಬಂದ ಶಾರದೆಯ ಅಣ್ಣ, "ಈ ಬಿಸ್ಲಲ್ಲಿ ಸೆಟ್ಟು ತಂದಿದ್ದು ನೀವೇನಾ ಭಾವ?" ಎಂದು ಕೇಳಿದರು. ನಾನು ಎದೆಯುಬ್ಬಿಸಿ ಗಂಟಲು ಸರಿಮಾಡಿಕೊಂಡೆ.

"ಇವ್ರು ನಡ್ಕಂಡು ಬಂದ್ರು ಅಣ್ಣ," ಎಂದಳು ಶಾರದೆ. "ಸೆಟ್ಟು ನಂಜೊತೆ ಬಂತು."

ಕಾಫಿ ಆಯಿತೇನೋ ನೋಡಿ ಬರುತ್ತೇನೆಂದು ಎದ್ದು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.