ರೆಫರಿಗೆ ಅಂಕ ಕೊಟ್ಟವನು

ಅಧಿಕಾರವುಳ್ಳವರ ತಪ್ಪು ಹಿಡಿಯಲು ಅನುಭವವಿಲ್ಲದವರನ್ನು ನೇಮಿಸುವ ಪದ್ಧತಿ ಇರುವವರೆಗೆ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ.

ಅದು ನಿಜಾಮರ ಕಾಲ. ನಾನು ಬಿ.ಎ. ಮುಗಿಸಿ, ಕೆಲಸವಿಲ್ಲದೆ, ಜಗತ್ತಿನ ಮೇಲೆಲ್ಲ ಸಿಟ್ಟಾಗಿ ಕೊಪ್ಪಳದಲ್ಲಿ ಕುಳಿತಿದ್ದೆ. ಆ ವರ್ಷದ ಫುಟ್‌ಬಾಲ್ ಪಂದ್ಯಾವಳಿಗೆ ನಮ್ಮ ತಾಲ್ಲೂಕುಗಳ ತಂಡಗಳಲ್ಲದೆ ಗದಗ, ಹೊಸಪೇಟೆಗಳ ತಂಡಗಳೂ ಬರುವುದಾಯಿತು. ಅವೆರಡೂ ಬ್ರಿಟಿಷರ ಸೀಮೆಯ ಊರುಗಳಾದ್ದರಿಂದ ಸಮಿತಿಯವರು ಪಂದ್ಯಾವಳಿಯನ್ನು ‘ಅಂತರರಾಷ್ಟ್ರೀಯ’ವೆಂದು ಸಾರಿದರು.

ರೆಫರಿ ಒಬ್ಬರೇ: ಸಾಲೆಯ ಡ್ರಿಲ್ ಮಾಸ್ತರರು. ಏಳು ವರ್ಷಗಳಿಂದ ಹಂಗಾಮಿ ನೌಕರಿ. ಸಮಿತಿಯವರು ನನ್ನನ್ನು ಪರೀಕ್ಷಕನಾಗಿ ನೇಮಿಸಿದರು: ಮಾಸ್ತರರ ಕೆಲಸಕ್ಕೆ ಅಂಕ ಹಾಕಿ ನಾನು ವರದಿ ಬರೆಯಬೇಕು. ಅದನ್ನು ನೋಡಿ ತಹಶೀಲ್ದಾರರು ಅವರನ್ನು ಕಾಯಂ ಮಾಡಬೇಕು, ಇಲ್ಲವೇ ಮನೆಗೆ ಕಳಿಸಬೇಕು. ನಾನು ಫುಟ್‌ಬಾಲ್ ನಿಯಮಗಳ ಪುಸ್ತಕ ಓದಿದ್ದೆ. ಆಡಿರಲಿಲ್ಲ.

“ನನಗ ಐದು ಮಕ್ಕಳದಾವ್ರಿ ಸಾಹೇಬ್ರ. ನೋಡಿ ಬರೀರಿ,” ಎಂದರು ಮಾಸ್ತರರು.

“ನಿಯಮಗಳಲ್ಲಿ ಮಕ್ಕಳ ಪ್ರಸ್ತಾಪವಿಲ್ಲ,” ಎಂದೆ.

೧. ಗಾಳಿಯ ತಪಾಸಣೆ

ಹೊಸ ಚೆಂಡನ್ನು ಗದಗಿನಿಂದ ತರಲು ಮಾಸ್ತರರೇ ಹೋಗಿದ್ದರು. ಗಡಿಯ ಸುಂಕದ ನಾಕೆಯಲ್ಲಿ ಸಿಪಾಯಿಯೊಬ್ಬ ಚೆಂಡನ್ನು ಕಿವಿಗೆ ಹಿಡಿದು ಅಲ್ಲಾಡಿಸಿದನಂತೆ.

“ಒಳಗೇನೈತಿ?”

“ಗಾಳಿ ಐತ್ರಿ.”

“ಎಲ್ಲಿ ತುಂಬಿಸಿದ್ದು?”

“ಗದಗಿನ್ಯಾಗ್ರಿ.”

“ಹಂಗಾರ ಅದು ಪರದೇಶದ ಮಾಲು. ಚೆಂಡಿನ ಚೀಟಿ ತಂದೀರಿ, ಗಾಳೀದು ಎಲ್ಲೈತಿ?”

ಮಾಸ್ತರರು ವಾದಿಸಲಿಲ್ಲ. ಗಾಳಿಯನ್ನು ಅಲ್ಲಿಯೇ ಬಿಟ್ಟು, ಚಪ್ಪಟೆ ಚೆಂಡನ್ನು ಬಗಲಲ್ಲಿ ಇಟ್ಟುಕೊಂಡು ಬಂದರು. ಪಂದ್ಯ ಒಂದು ತಾಸು ತಡವಾಯಿತು. ನಾನು ಸಮಯಪಾಲನೆಯ ಅಂಕ ಕಳೆದೆ. “ಕಳೀರಿ,” ಎಂದರು ಅವರು, ಪಂಪು ಒತ್ತುತ್ತ. “ಆದ್ರ ಈಗ ಒಳಗಿರೂದು ನಮ್ಮ ಸರಕಾರದ ಗಾಳಿ ಅಂತ ಬರೀರಿ.”

೨. ಸ್ಥಳದ ಪಂಚನಾಮೆ

ಮಾಸ್ತರರು ಮೊದಲು ಪಟವಾರಿಯ ಕೈಕೆಳಗೆ ಪಂಚನಾಮೆ ಬರೆಯುವ ಕೆಲಸ ಮಾಡಿದವರು. ಕುಷ್ಟಗಿಯ ಪಂದ್ಯದಲ್ಲಿ ಆಟಗಾರನೊಬ್ಬ ಚೆಂಡನ್ನು ಕೈಯಿಂದ ತಳ್ಳಿದ. ಮಾಸ್ತರರು ಸೀಟಿ ಊದಿದರು. ಅವನು, “ನಾ ಮುಟ್ಟಿಲ್ರಿ!” ಎಂದ. ಪುಸ್ತಕದ ಪ್ರಕಾರ ಅಲ್ಲಿಗೆ ವಿಷಯ ಮುಗಿಯಬೇಕು. ಆದರೆ ಮಾಸ್ತರರು ಕಿಸೆಯಿಂದ ಕಾಗದ ತೆಗೆದು ಮೈದಾನದ ನಡುವೆ ಕುಕ್ಕರಗಾಲಲ್ಲಿ ಕುಳಿತರು.

“ನೋಡಿದವರು ಯಾರ್‍ಯಾರದೀರಿ, ಮುಂದ ಬರ್ರಿ!”

ಇಡೀ ಊರು ಮುಂದೆ ಬಂತು. ನಾಲ್ವರ ಹೇಳಿಕೆ ಬರೆದಾಯಿತು. ಕೊನೆಗೆ ಆರೋಪಿಯ ಸರದಿ. ಯಾವ ಕೈಯಿಂದ ಚೆಂಡು ತಳ್ಳಿದ್ದನೋ ಅದೇ ಕೈಯ ಹೆಬ್ಬೆಟ್ಟು ಒತ್ತಿ, ತಾನು ಕೈಯಿಂದ ಏನನ್ನೂ ಮುಟ್ಟಿಲ್ಲವೆಂದು ಅವನು ಹೇಳಿಕೆ ಕೊಟ್ಟ. ಒತ್ತುವಾಗ ಅಂಗೈ ಊರಿದ್ದರಿಂದ, ಚೆಂಡಿನ ಮೇಲಿದ್ದ ಕೆಸರಿನ ಐದು ಬೆರಳು ಕಾಗದದ ಮೇಲೂ ಮೂಡಿದ್ದವು.

೩. ಹನ್ನೆರಡನೆಯ ಆಟಗಾರ

ಗಂಗಾವತಿಯಲ್ಲಿ ಯಲಬುರ್ಗಾದ ಎದುರು ಆಟ ರಂಗೇರಿದಾಗ ಮುದುಕಿಯೊಬ್ಬಳು ಎಮ್ಮೆ ಹೊಡೆದುಕೊಂಡು ಮೈದಾನಕ್ಕೆ ಇಳಿದಳು.

“ಯವ್ವಾ, ಜರಾ ತಡಿಬೇ. ಆಟ ನಡದೈತಿ,” ಎಂದರು ಮಾಸ್ತರರು.

“ನೀನಽ ತಡಿಯಪಾ. ನಿಮ್ಮಪ್ಪ ಹುಟ್ಟೂಕಿಂತ ಮೊದಲಿಂದ ಇದು ಎಮ್ಮಿ ದಾರಿ!”

ಅಷ್ಟರಲ್ಲಿ ಯಲಬುರ್ಗಾದವನು ಒದ್ದ ಚೆಂಡು ನೇರ ಗೋಲಿಗೆ ಹೊರಟಿತ್ತು. ಗೋಲಿನ ಬಾಯಲ್ಲಿ ನಿಂತಿದ್ದ ಎಮ್ಮೆಯ ಹೊಟ್ಟೆಗೆ ಬಡಿದು ಹಿಂದಕ್ಕೆ ಬಂತು. “ಆಟ ನಡೀಲಿ!” ಎಂದರು ಮಾಸ್ತರರು. ಯಲಬುರ್ಗಾದವರು ಬೊಬ್ಬೆ ಹಾಕಿದರು. “ಎಮ್ಮಿ ಗಂಗಾವತೀದಪಾ,” ಎಂದು ಮಾಸ್ತರರು ಸಮಾಧಾನ ಹೇಳಿದರು, “ತನ್ನ ಊರಿನ ಗೋಲು ತಾನು ಕಾದೈತಿ.”

ನಾನು ಐದು ಅಂಕ ಕಳೆದು ಚೀಟಿಯೊಂದನ್ನು ಬರೆದುಕೊಟ್ಟೆ: ‘ಆಟಗಾರರಲ್ಲದವರು ಯಾರೇ ಗೆರೆಯೊಳಗೆ ಬಂದರೂ ಪಂದ್ಯ ನಿಲ್ಲಿಸಿ ಹೊರಗೆ ಕಳಿಸತಕ್ಕದ್ದು. ಅವರ ಅಂತಸ್ತು ಅಪ್ರಸ್ತುತ.’

“ಯಾರೇ ಅಂದ್ರ ಯಾರೇ ಏನ್ರಿ?”

“ಯಾರೇ.”

ಅವರು ಚೀಟಿಯನ್ನು ಮಡಚಿ ಟೊಪ್ಪಿಗೆಯೊಳಗೆ ಇಟ್ಟುಕೊಂಡರು.

೪. ಟಾಂಗಾ

ಕೊನೆಯ ಪಂದ್ಯ ಕೊಪ್ಪಳದಲ್ಲಿ, ಹೊಸಪೇಟೆಯ ಎದುರು. ಸಮ ಸಮ ನಡೆದಿತ್ತು. ಆಗ ತಹಶೀಲ್ದಾರರ ಟಾಂಗಾ ಬಂತು. ಎದುರಿನ ಚಪ್ಪರಕ್ಕೆ ಹೋಗಲು ಸುತ್ತು ದಾರಿಯಿತ್ತು; ಸರಕಾರಿ ಹಾಕಿಮರು ಸುತ್ತು ದಾರಿ ಹಿಡಿಯುವ ರೂಢಿ ಇರಲಿಲ್ಲ. ಟಾಂಗಾ ಸುಣ್ಣದ ಗೆರೆ ದಾಟಿ ಮೈದಾನದ ನಡುವೆ ಬಂತು. ಇಪ್ಪತ್ತೆರಡು ಜನರೂ ನಿಂತಲ್ಲೇ ಸಲಾಮು ಮಾಡಿದರು.

ಸೀಟಿ ಕೇಳಿಸಿತು.

ಮಾಸ್ತರರು ಓಡಿಹೋಗಿ ಕುದುರೆಯ ಮುಂದೆ ನಿಂತು, ಮೊದಲು ಸಲಾಮು ಮಾಡಿ, ಆಮೇಲೆ ಅದೇ ಕೈಯನ್ನು ಹೊರಗೆ ಚಾಚಿದರು.

“ಹುಜೂರ್, ಗೆರಿ ದಾಟಿ ಹೊರಗ ಹೋಗಬೇಕ್ರಿ.”



“ಯಾರ ಹುಕುಂ?” ಎಂದರು ತಹಶೀಲ್ದಾರರು.

ಮಾಸ್ತರರು ಟೊಪ್ಪಿಗೆ ತೆಗೆದರು. “ಬಿ.ಎ. ಸಾಹೇಬ್ರು ಬರದು ಕೊಟ್ಟಾರ್ರಿ.”

ನನ್ನನ್ನು ಕರೆಸಿದರು. ತಹಶೀಲ್ದಾರರು ಚೀಟಿಯನ್ನು ಎರಡು ಸಲ ಓದಿದರು. “ಇವರು ಮಾಡಿದ್ದು ನಿಯಮದ ಪ್ರಕಾರ ಬರೋಬರಿ ಐತೇನು?”

ಇಡೀ ಪಂದ್ಯಾವಳಿಯಲ್ಲಿ ಮಾಸ್ತರರು ಮಾಡಿದ ಪೂರ್ತಿ ಸರಿಯಾದ ಕೆಲಸ ಅದೊಂದೇ. ಪುಟದ ಸಂಖ್ಯೆ ಸಹಿತ ನನಗೆ ಗೊತ್ತಿತ್ತು. ಬಾಯಿ ತೆರೆದೆ.

“ಹುಜೂರ್... ಅವರಿಗೆ ಐದು ಮಕ್ಕಳದಾವ್ರಿ.”

“ನಾ ನಿಯಮ ಕೇಳೀನಿ. ನೀವು ಜನಗಣತಿ ಹೇಳಾಕತ್ತೀರಿ,” ಎಂದು ತಹಶೀಲ್ದಾರರು ಟಾಂಗಾ ತಿರುಗಿಸಿ ಸುತ್ತು ದಾರಿಯಲ್ಲಿ ಹೋದರು.

ಸಂಜೆ ನನ್ನ ವರದಿ ಅವರ ಷರಾದೊಂದಿಗೆ ಮರಳಿ ಬಂತು: ‘ರೆಫರಿ ಕಾಯಂ. ಪರೀಕ್ಷಕರಿಗೆ ತರಬೇತಿ ಅವಶ್ಯ.’

ಮಾಸ್ತರರು ನನ್ನ ಬೆನ್ನು ತಟ್ಟಿದರು. “ನಾಳೆ ಮುಂಜಾನೆ ಆರಕ್ಕ ಸಾಲಿಗೆ ಬರ್ರಿ ಸಾಹೇಬ್ರ. ಮೊದಲನೇ ಪಾಠ ಭಾಳ ಹಗುರ ಐತಿ: ಎದಿ ಎತ್ತಿ ನಿಲ್ಲೂದು.”